ವರ್ನಾಳ ಕಿರುಬೆರಳಿಗೊಂದು ಮನೆ

ಲೈಮನ್ ಹಾಸ್ಕೆಟ್ ಉಜ್ಜಿಕೊಟ್ಟ ರಿವಾಲ್ವರಿನ ಹಿಡಿಯನ್ನು ಒಮ್ಮೆ ಹಿಡಿದವನಿಗೆ ಆಮೇಲೆ ಹೆಂಡತಿಯ ಕೈ ಹಿಡಿದರೂ ಒರಟೆನಿಸುತ್ತಿತ್ತು ಎಂದು ವಯೋಮಿಂಗಿನ ಡ್ರೈ ಫೋರ್ಕ್ ಊರಿನಲ್ಲಿ ಎಲ್ಲರೂ ಹೇಳುತ್ತಿದ್ದರು. ಎಲ್ಲರೂ ಎಂದರೆ ಮುಖ್ಯವಾಗಿ ಲೈಮನ್. ಗುಂಡು ಹಾರುವ ನಳಿಗೆಯನ್ನಾಗಲಿ, ಗುಂಡು ಕೂರುವ ಉರುಳೆಯನ್ನಾಗಲಿ ಅವನು ಮುಟ್ಟುತ್ತಿರಲಿಲ್ಲ. "ಅದೆಲ್ಲ ಕಾರ್ಖಾನೆಯವರ ಕೆಲಸ. ಕೈಗೂ ಕಬ್ಬಿಣಕ್ಕೂ ಸಂಬಂಧ ಕುದುರಿಸೋದು ನನ್ನ ಕೆಲಸ" ಎನ್ನುತ್ತಿದ್ದ. ಹಿಡಿಯ ಒಳಗಿನ ಲೋಹದ ಚೌಕಟ್ಟು, ಅದಕ್ಕೆ ಎರಡೂ ಬದಿ ಹೊದಿಸುವ ಅಕ್ರೋಟು ಮರ, ಇಷ್ಟೇ ಅವನ ಸಾಮ್ರಾಜ್ಯ. ಒಮ್ಮೆ ಅಂಗಡಿಗೆ ಕರಡಿ ನುಗ್ಗಿದಾಗ, ಅದರ ಪಂಜದ ಅಳತೆ ತೆಗೆದುಕೊಂಡ ಮೇಲೆಯೇ ಹೊರಗೆ ಕಳಿಸಿದ್ದನಂತೆ. ಕರಡಿ ಮತ್ತೆ ಬರಲಿಲ್ಲ ಎಂಬುದೊಂದೇ ಅವನಿಗೆ ಬೇಸರ.

ಅಂಥ ಲೈಮನ್ನನ ತಲೆ ಕೆಟ್ಟದ್ದು ಒಂದು ಕಿರುಬೆರಳಿನಿಂದ.

ಬೆರಳು ವರ್ನಾ ರಾಗ್ಸ್‌ಡೇಲಳದು. ಊರಾಚೆಯ ಕುರಿಗಳಲ್ಲಿ ಮುಕ್ಕಾಲು ಪಾಲು ಅವಳವೇ. ಅವಳ ಕೈ ಎಂದರೆ ಕೈಯಲ್ಲ, ಹಿಮ ಎತ್ತುವ ಸಲಿಕೆ. ಚರ್ಚಿನಲ್ಲಿ ಅವಳು ಚಪ್ಪಾಳೆ ತಟ್ಟಿದರೆ ಪಕ್ಕದ ಕೌಂಟಿಯವರು ಗುಡುಗಿತೆಂದು ಒಣಹಾಕಿದ ಬಟ್ಟೆ ಒಳಗೆ ತರುತ್ತಿದ್ದರು. ಹಳೇ ಕಾಲದ ರಿವಾಲ್ವರುಗಳ ಪಂದ್ಯದಲ್ಲಿ ಅವಳು ಗುರಿ ತಪ್ಪಿದ್ದನ್ನು ಕಂಡವರು ಯಾರೂ ಬದುಕಿರಲಿಲ್ಲ, ಬದುಕಿದ್ದವರು ಕಂಡಿರಲಿಲ್ಲ. ಒಂದು ಮಂಗಳವಾರ ಅವಳು ತನ್ನ ರಿವಾಲ್ವರನ್ನು ಲೈಮನ್ನನ ಮೇಜಿನ ಮೇಲಿಟ್ಟಳು.

"ಮರ ಬಿರುಕು ಬಿಟ್ಟಿದೆ. ಬೇರೆ ಹಾಕ್ಕೊಡು, ಸಾಕು."

"ಎಲ್ಲಿ, ಒಂದ್ಸಲ ಹಿಡಿದು ತೋರಿಸು" ಎಂದ ಲೈಮನ್.

ವರ್ನಾ ಹಿಡಿದಳು. ತೋರುಬೆರಳು ಟ್ರಿಗರಿನ ಹತ್ತಿರ, ಹೆಬ್ಬೆರಳು ಮೇಲೆ, ಗುಂಡಿಗೆ ಬಡಿಯುವ ಕುದುರೆ ಎಂಬ ಪುಟ್ಟ ಸುತ್ತಿಗೆಯ ಹತ್ತಿರ, ನಡುವಿನ ಎರಡು ಬೆರಳು ಹಿಡಿಯ ಸುತ್ತ. ಹಿಡಿ ಅಲ್ಲಿಗೇ ಮುಗಿದಿತ್ತು. ಕಿರುಬೆರಳು ಮಡಚಿಕೊಂಡು ಹಿಡಿಯ ಬುಡದ ಕೆಳಗೆ ಕುಳಿತಿತ್ತು. ಪ್ರತಿ ಗುಂಡಿಗೂ ಹೆಬ್ಬೆರಳಿನಲ್ಲಿ ಕುದುರೆ ಎಳೆಯಬೇಕಾದ ಈ ಹಳೇ ಮಾದರಿಯ ರಿವಾಲ್ವರನ್ನು ಅರ್ಧ ದೇಶ ಹಾಗೆಯೇ ಹಿಡಿಯುತ್ತದೆ. ಆದರೂ ಆ ದಿನ ಲೈಮನ್ ಆ ಬೆರಳಿನ ಮೇಲಿಂದ ಕಣ್ಣು ತೆಗೆಯಲಿಲ್ಲ.

"ವರ್ನಾ, ಆ ಕಿರುಬೆರಳು ಯಾಕೆ ಬೀದೀಲಿದೆ?"

"ಬೀದೀಲೆಲ್ಲಿದೆ? ಇಲ್ಲೇ ಇದೆಯಲ್ಲ."

"ಮಿಕ್ಕಿದ್ದಕ್ಕೆಲ್ಲ ಮನೆ ಇದೆ. ಅದೊಂದು ಹೊರಗೆ ಚಳೀಲಿ ನಿಂತಿದೆ."

"ನಾನು ಹುಡುಗಿಯಾಗಿದ್ದಾಗಿಂದ ಹಂಗೇ ನಿಂತಿದೆ. ಒಂದ್ಸಲಾನೂ ಕೆಮ್ಮಿಲ್ಲ. ನೀನು ಮರ ಹಾಕು."

ಮರ ಹಾಕಿ ಸುಮ್ಮನಿದ್ದರೆ ಅವನು ಲೈಮನ್ ಹೇಗಾದಾನು? ಮಧ್ಯಾಹ್ನ ಕಾಫಿ ಅಂಗಡಿಗೆ ಹೋಗಿ, ಸೇಬಿನ ಪೈ ತಿನ್ನುತ್ತಿದ್ದ ಊರಿನ ಎದುರು ಘೋಷಿಸಿಬಿಟ್ಟ. ಶನಿವಾರದ ಪಂದ್ಯದೊಳಗೆ ವರ್ನಾಳ ಕಿರುಬೆರಳಿಗೆ ಹಿಡಿಯ ಮೇಲೆ ಮನೆ ಕಟ್ಟಿಕೊಡುತ್ತೇನೆ, ಆಗದಿದ್ದರೆ ಅಂಗಡಿಯ ಬೋರ್ಡನ್ನು ನನ್ನ ಕೈಯಾರೆ ಇಳಿಸುತ್ತೇನೆ ಎಂದ.

ಮೂಲೆಯಲ್ಲಿ ಆರ್ಲೋ ಪಿಂಕ್ನಿ ಕೂತಿದ್ದ. ಲೈಮನ್ನನ ಎದುರು ಅಂಗಡಿಯಲ್ಲಿ ಹುಲ್ಲು ಕತ್ತರಿಸುವ ಯಂತ್ರಗಳನ್ನು ರಿಪೇರಿ ಮಾಡುವವನು.

"ಬೋರ್ಡ್ ಇಳಿಸಿ ಏನು ಮಾಡ್ತೀಯೋ?"

"ನಿನ್ನ ಹತ್ರ ಕೆಲಸಕ್ಕೆ ಬರ್ತೀನಿ."

"ಬೇಡ ಮಾರಾಯ. ಆಮೇಲೆ ಒಂದೊಂದು ಹುಲ್ಲಿಗೂ ಅಳತೆ ತಗೋತಾ ಕೂರ್ತೀಯ."

ಊರೆಲ್ಲ ನಕ್ಕಿತು. ಲೈಮನ್ನನೂ ನಕ್ಕ, ಆದರೆ ಆಡಿದ ಮಾತು ಆಡಿಯಾಗಿತ್ತು. ಅಜ್ಜನ ಕಾಲದಿಂದ ಆ ಬಾಗಿಲ ಮೇಲೆ ಹಾಸ್ಕೆಟ್ ಎಂಬ ಹೆಸರಿತ್ತು.

ಅಂದೇ ವರ್ನಾಳ ಚೌಕಟ್ಟಿನ ಬುಡ ಕತ್ತರಿಸಿ, ಒಂದು ಬೆರಳಗಲ ಉಕ್ಕು ಬೆಸೆದು, ಅರದಿಂದ ಉಜ್ಜಿ, ಹೊಸ ಮರ ಕೂರಿಸಿದ. ಬೆಸುಗೆಯ ಗೆರೆ ಹುಡುಕಲು ದೇವರೇ ಕನ್ನಡಕ ಹಾಕಿಕೊಂಡು ಬರಬೇಕು, ಅಷ್ಟು ನಯ. ಬುಧವಾರ ವರ್ನಾ ಬಂದು ಹಿಡಿದಳು. ಕಿರುಬೆರಳು ಹೊಸ ಜಾಗದ ಮೇಲೆ ಕೂತಿತು, ನೆಂಟರ ಮನೆಯ ಸೋಫಾದ ಅಂಚಿನಲ್ಲಿ ಕೂತ ಹಾಗೆ.

ಅಂಗಡಿಯ ಹಿಂದಿನ ಮಣ್ಣುದಿಣ್ಣೆಗೆ ಗುರಿಯಿಟ್ಟು ಅವಳು ಕುದುರೆ ಎಳೆದು ಹೊಡೆದಳು. ಗುಂಡು ಎತ್ತ ಹೋಯಿತೋ ಕಾಣಲಿಲ್ಲ. ಲೈಮನ್ ಅವಳ ಕೈ ನೋಡಿದ. ಇಡೀ ಕೈಯೇ ಕೆಳಗೆ ಜಾರಿ, ಕಿರುಬೆರಳು ಮತ್ತೆ ಹಿಡಿಯ ಬುಡ ಸೇರಿತ್ತು. ಈಗ ಹೆಬ್ಬೆರಳು ಕುದುರೆಗೇ ಎಟಕುತ್ತಿರಲಿಲ್ಲ.

"ಉದ್ದ ಸಾಲಲಿಲ್ಲ" ಎಂದ ಲೈಮನ್.

"ಉದ್ದ ಜಾಸ್ತಿಯಾಯ್ತು ಅಂತ ನನಗನ್ನಿಸ್ತು."

"ನಿನಗೆ ಅನ್ನಿಸ್ತು, ನನಗೆ ಗೊತ್ತು."

ಇನ್ನೊಂದು ತುಂಡು ಬೆಸೆದ. ಕೈ ಇನ್ನೂ ಕೆಳಗೆ ಜಾರಿತು. ಮತ್ತೊಂದು ತುಂಡು. ಬೆರಳು ಅದನ್ನೂ ದಾಟಿ ಬುಡ ಹುಡುಕಿಕೊಂಡು ಹೋಯಿತು. ಗುರುವಾರ ಸಂಜೆಯ ಹೊತ್ತಿಗೆ ಆ ಹಿಡಿ ನಳಿಗೆಗಿಂತ ಉದ್ದವಾಗಿ, ಅದರ ನೆರಳು ಬೀದಿ ದಾಟಿ ಆರ್ಲೋನ ಅಂಗಡಿಗೆ ಬೀಳುತ್ತಿತ್ತು. ಆರ್ಲೋ ನೆರಳು ತುಳಿದುಕೊಂಡೇ ಬಂದ.

"ಲೈಮನ್, ತುದೀಗೊಂದು ಅಲಗು ಹಾಕು ಕಣಯ್ಯಾ. ಚಳಿಗಾಲಕ್ಕೆ ಸೌದೆನಾದ್ರೂ ಒಡೀಬಹುದು."

ವರ್ನಾ ನಗಲಿಲ್ಲ. "ನೀನು ಇದನ್ನ ಯಾಕೆ ಶುರು ಮಾಡ್ದೆ, ಅದನ್ನ ಹೇಳು."

"ಬೆರಳಿಗೋಸ್ಕರ."

"ಬೆರಳು ಕೇಳಿತ್ತಾ?"

ಲೈಮನ್ ಅರ ಎತ್ತಿಕೊಂಡು ಹಿಡಿಯ ಬುಡ ಉಜ್ಜತೊಡಗಿದ.

"ನನ್ನ ಹಳೇದನ್ನೇ ವಾಪಸ್ ಕೊಟ್ಬಿಡು" ಎಂದಳು ವರ್ನಾ.

"ಇದೇ ಹಳೇದು. ಅದನ್ನೇ ಕತ್ತರಿಸಿ ಬೆಸೆದಿರೋದು."

"ಹಂಗಾದ್ರೆ ಹೆಂಗಿತ್ತೋ ಹಂಗೆ ಮಾಡು. ಶನಿವಾರ ನಾನು ಈ ಸೌಟು ಹಿಡ್ಕೊಂಡು ನಿಂತ್ರೆ ನನ್ನ ಕುರಿಗಳೇ ನನ್ನ ಮಾತು ಕೇಳಲ್ಲ."

ಹೇಗಿತ್ತೋ ಹಾಗೆ! ಅದು ಹೇಗಿತ್ತು? ಶುಕ್ರವಾರ ಬೆಳಗಿನಿಂದ ಲೈಮನ್ ಅದನ್ನೇ ಯೋಚಿಸಿದ. ಊರಿನ ಪ್ರತಿಯೊಂದು ಕೈಯನ್ನೂ ಕಣ್ಣು ಮುಚ್ಚಿ ಗುರುತಿಸುತ್ತೇನೆನ್ನುವವನಿಗೆ ಮೂರು ದಿನದ ಹಿಂದಿನ ಚೌಕಟ್ಟಿನ ಉದ್ದ ನೆನಪಾಗಲಿಲ್ಲ. ಅಂದಾಜಿಗೆ ಗರಗಸ ಆಡಿಸಿದ. ಬುಡ ಎಡಕ್ಕೆ ವಾಲಿತು. ಬಲಗಡೆ ಉಜ್ಜಿದ, ಬಲಕ್ಕೆ ವಾಲಿತು. ಎಡಗಡೆ ಉಜ್ಜಿದ. ಎಡ, ಬಲ, ಎಡ ಎಂದು ಉಜ್ಜಿ ಉದುರಿಸಿದ ಉಕ್ಕಿನ ಪುಡಿಯಲ್ಲಿ ರೈಲು ಹಳಿ ಹಾಕಬಹುದಿತ್ತು. ಕೊನೆಗೆ ಬುಡ ಸಮವಾದಾಗ ಹಿಡಿ ಮೊದಲಿಗಿಂತಲೂ ಮೋಟಾಗಿತ್ತು. ಸಾಲದ್ದಕ್ಕೆ ಹಳೇ ಬೆಸುಗೆ ಕಿತ್ತ ಜಾಗದಲ್ಲೊಂದು ಗುಳಿ. ಅದನ್ನು ಮರೆಸಲು ದುಂಡನೆಯ ಅರದಿಂದ ಉಜ್ಜುತ್ತ ಹೋದ. ಗುಳಿ ಹೋಗಿ ಬುಡದ ಉದ್ದಕ್ಕೂ ಒಂದು ಹಳ್ಳವಾಯಿತು.

ತಾನು ಕಟ್ಟುತ್ತಿದ್ದೇನೆಯೋ ಕೆಡವುತ್ತಿದ್ದೇನೆಯೋ ಅವನಿಗೆ ತಿಳಿಯದಾಯಿತು. ನೋಡೋಣವೆಂದು ತಾನೇ ಹಿಡಿದ. ಅವನದೇ ಕಿರುಬೆರಳು ಹಿಡಿಯ ಕೆಳಗೆ ಹೋಗಿ ಹಳ್ಳದಲ್ಲಿ ಮಲಗಿತ್ತು. ಕೈ ಕೊಡವಿ ಮತ್ತೆ ಹಿಡಿದ. ಮತ್ತೆ ಅಲ್ಲೇ. ಬೆರಳನ್ನು ಬೈದು ಮತ್ತೆ ಹಿಡಿದ. ಬೈಗುಳಕ್ಕೂ ಅದು ಜಗ್ಗಲಿಲ್ಲ.

ಶನಿವಾರ ಊರಾಚೆಯ ಬಯಲಿನಲ್ಲಿ ಜನ ಪಂದ್ಯದ ರೂಢಿಯಂತೆ ಹಳೇ ಕಾಲದ ಉದ್ದ ಲಂಗ, ತೊಗಲಿನ ಕೋಟು, ಕೊಡೆಯಂಥ ಟೋಪಿಗಳಲ್ಲಿ ಸೇರಿದ್ದರು. ಗಾಳಿ ಎಂದಿನಂತೆ ಕುದುರೆಗಳನ್ನು ಅತ್ತಿತ್ತ ಸರಿಸುವಷ್ಟೇ ಇತ್ತು. ವರ್ನಾ ರಿವಾಲ್ವರನ್ನು ತಿರುಗಿಸಿ ನೋಡಿದಳು.

"ಇದೇನು, ಬಿಸಿನೀರಲ್ಲಿ ಒಗೆದ ಹಂಗೆ ಕುಗ್ಗಿದೆ?"

"ಹೂಂ" ಎಂದ ಲೈಮನ್, ಬೇಕೆಂದೇ ಕುಗ್ಗಿಸಿದವನ ಹಾಗೆ.

ಅವಳ ಸರದಿ ಬಂತು. ಸಾಲಾಗಿ ನಿಲ್ಲಿಸಿದ್ದ ಉಕ್ಕಿನ ತಗಡುಗಳು ಠಣಠಣ ಠಣಠಣ ಎಂದು ಎಷ್ಟು ಬೇಗ ಮೊಳಗಿದವೆಂದರೆ, ಮೊದಲನೆಯ ಸದ್ದಿಗಿಂತ ಕೊನೆಯದೇ ಮುಂಚೆ ಕೇಳಿಸಿತೆಂದು ಹಿಂದೆ ನಿಂತವರು ಆಣೆಯಿಟ್ಟರು. ಒಂದೂ ತಪ್ಪಿರಲಿಲ್ಲ. ಟೋಪಿಗಳು ಹಾರಿದವು. ಆಮೇಲೆ ಆರ್ಲೋ ಕೇಳಿದ, "ಸರಿ, ಬೆರಳೆಲ್ಲಿತ್ತು?"

ಎಲ್ಲರೂ ಒಬ್ಬರ ಮುಖ ಒಬ್ಬರು ನೋಡಿದರು. ಬೆರಳು ನೋಡಲೆಂದೇ ಬಂದವರು ತಗಡು ನೋಡುತ್ತ ನಿಂತಿದ್ದರು. ಲೈಮನ್ನನಂತೂ ಕಣ್ಣು ಮುಚ್ಚಿದ್ದ.

"ವರ್ನಾ, ನೀನೇ ಹೇಳು" ಎಂದ ಆರ್ಲೋ.

"ನಂಗೇನು ಗೊತ್ತು? ನಾನೂ ತಗಡೇ ನೋಡ್ತಿದ್ದೆ."

"ಈಗೊಂದ್ಸಲ ಹಿಡಿದು ತೋರಿಸು."

ಇಡೀ ಊರು ಸುತ್ತ ಬಗ್ಗಿ ನೋಡಿತು. ವರ್ನಾ ಹಿಡಿದಾಗ ಬೆರಳು ಒಮ್ಮೆ ಗಾಳಿಯಲ್ಲಿ ಚಾಚಿತು, ಒಮ್ಮೆ ಹಳ್ಳದಲ್ಲಿ ಇಳಿಯಿತು, ಒಮ್ಮೆ ಪಕ್ಕದ ಬೆರಳಿನ ಮೇಲೆ ಹತ್ತಿತು. ಅವಳು ರೇಗಿ ರಿವಾಲ್ವರನ್ನು ಸೊಂಟದ ಚೀಲಕ್ಕೆ ತುರುಕಿದಳು. "ನೀವೆಲ್ಲ ಹಿಂಗೆ ನೋಡಿದ್ರೆ ಅದಕ್ಕೆ ನಾಚಿಕೆ ಆಗಲ್ವಾ?"

"ಹಳ್ಳದಲ್ಲಿದ್ರೆ ಲೈಮನ್ ಸೋತ" ಎಂದ ಆರ್ಲೋ. "ಅದು ಹಿಡಿಯ ಕೆಳಗಾಯ್ತು. ಮಾತಾಗಿದ್ದು ಮೇಲೆ."

"ಮಾತಾಗಿದ್ದು ಮನೆ" ಎಂದಳು ಕಾಫಿ ಅಂಗಡಿಯ ಫರ್ನ್. "ನೆಲಮಾಳಿಗೆ ಮನೆಯಲ್ವಾ? ನನ್ನ ಮೈದುನ ಎಷ್ಟೋ ವರ್ಷದಿಂದ ನನ್ನ ನೆಲಮಾಳಿಗೇಲಿದ್ದಾನೆ. ಅವನು ಬೀದೀಲಿದ್ದಾನೆ ಅಂತೀಯಾ?"

"ಅವನನ್ನ ಲೈಮನ್ ಉಜ್ಜಿ ಕೂರಿಸಲಿಲ್ಲವಲ್ಲ."

ವಾದ ಭಾನುವಾರದ ಪ್ರಾರ್ಥನೆಯನ್ನೂ ದಾಟಿ ಹೋಯಿತು. ಪಾದ್ರಿ ಎರಡೂ ಕಡೆ ತಲೆಯಾಡಿಸಿ ಕುತ್ತಿಗೆ ಉಳುಕಿಸಿಕೊಂಡರು. ಯಾರೂ ಲೈಮನ್ನನನ್ನು ಕೇಳಲಿಲ್ಲ; ಅವನು ತನ್ನನ್ನು ತಾನೇ ಕೇಳಿಕೊಂಡ. ತಾನು ಗೆದ್ದಿದ್ದರೆ ಏನು ಮಾಡಿ ಗೆದ್ದೆ, ಸೋತಿದ್ದರೆ ವರ್ನಾ ಹೇಗೆ ಗೆದ್ದಳು?

ಸೋಮವಾರ ಅವನು ಏಣಿ ಹಾಕಿ ಬೋರ್ಡಿನ ಹತ್ತಿರ ಹತ್ತಿದ. ಒಂದು ಸ್ಕ್ರೂ ಬಿಚ್ಚಿದ. ಯೋಚಿಸಿ ಮತ್ತೆ ಹಾಕಿದ. ಇನ್ನೊಂದು ಬಿಚ್ಚಿದ. ಎದುರು ಬಾಗಿಲಲ್ಲಿ ಆರ್ಲೋ ಕೈಕಟ್ಟಿ ನಿಂತಿದ್ದ, ಅವನಿಗೂ ನಗಬೇಕೋ ಬೇಡವೋ ತಿಳಿದಂತಿರಲಿಲ್ಲ. ಅಷ್ಟರಲ್ಲಿ ಧೂಳೆಬ್ಬಿಸಿಕೊಂಡು ಲಾರಿಯೊಂದು ಬಂದು ನಿಂತಿತು. ದೂರದ ಊರಿನ ಚಾಲಕ ತಲೆ ಹೊರಗೆ ಹಾಕಿದ.

"ಸಾರ್, ಕುರಿ ಸಾಕೋ ಅಮ್ಮನವರ ರಿವಾಲ್ವರಿಗೆ ಮೋಟು ಹಿಡಿ ಮಾಡಿಕೊಟ್ಟೋರು ನೀವೇನಾ? ನನಗೂ ಒಂದು ಬೇಕಿತ್ತು. ಅಂಗಡಿ ತೆಗೆದಿದೆಯಾ, ಮುಚ್ಚಿದೆಯಾ?"

ಲೈಮನ್ ಬೋರ್ಡ್ ನೋಡಿದ, ಕೈಯಲ್ಲಿದ್ದ ಸ್ಕ್ರೂ ನೋಡಿದ.

"ನಂಗೂ ಗೊತ್ತಿಲ್ಲ. ನಿನ್ನ ಕೈ ತೋರಿಸು."

ಚಾಲಕ ಕಿಟಕಿಯಿಂದ ಐದು ಬೆರಳೂ ಅಗಲಿಸಿ ತೋರಿಸಿದ.

ಲೈಮನ್ ಏಣಿಯ ಮೇಲಿಂದಲೇ ಮುಖ ತಿರುಗಿಸಿ, "ಆ ಕಿರುಬೆರಳು ಮಡಚ್ಕೊಳಪ್ಪ ಮೊದಲು" ಎಂದ.