ಅರ್ಧ ಸೀಟಿನ ತೀರ್ಥಣ್ಣ

ತೀರ್ಥಣ್ಣ ಯಾವ ಆಸನದ ಮೇಲೂ ಪೂರ್ತಿಯಾಗಿ ಕುಳಿತದ್ದನ್ನು ನಾನು ಕಂಡಿಲ್ಲ. ಪಂಜ ಪೇಟೆಯಿಂದ ಒಳಗಿನ ಊರುಗಳಿಗೆ ಸರ್ವಿಸ್ ಜೀಪು ಓಡಿಸುವ ತೀರ್ಥರಾಮ, ಮುಂದಿನ ಸೀಟಿನಲ್ಲಿ ತನ್ನ ಪಕ್ಕಕ್ಕೆ ಮೂವರನ್ನು ತುಂಬಿಸಿಕೊಂಡು, ತಾನು ಅರ್ಧ ದೇಹವನ್ನು ಬಾಗಿಲಿನಾಚೆಗೆ ಚೆಲ್ಲಿ ಸ್ಟೇರಿಂಗ್ ಹಿಡಿದೇ ಯೌವನವನ್ನು ಸವೆಸಿದವರು. ಅದರಿಂದಾಗಿ ನಡಿಗೆ ಬಲಕ್ಕೆ ವಾಲಿತು. ಮದುವೆಮನೆಯ ಕುರ್ಚಿಯಾಗಲಿ, ಪಂಚಾಯತಿನ ಬೆಂಚಾಗಲಿ, ನಮ್ಮ ಜಗಲಿಯ ಚಾಪೆಯಾಗಲಿ, ಅವರು ಅಂಚಿಗೆ ಕುಳಿತು ಉಳಿದರ್ಧವನ್ನು ಬಾರದ ಯಾರಿಗೋ ಬಿಟ್ಟಿರುತ್ತಿದ್ದರು. ನಮ್ಮ ಮನೆಯಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದ ಮೊದಲಿಗ ನಾನು; ಸುಳ್ಯಕ್ಕೆ ಹೋಗುವ ಮೊದಲ ಬಸ್ಸು ಸಿಗುವಂತೆ ಪ್ರತಿದಿನ ನನ್ನನ್ನು ಪಂಜಕ್ಕೆ ಮುಟ್ಟಿಸಿದ್ದು ಆ ಜೀಪು.

ಇನ್ನೊಂದು ವಿಶೇಷ ಅವರ ಕಂಠ. ಇಂಜಿನ್ನಿನ ಗದ್ದಲದೊಡನೆ ಸ್ಪರ್ಧಿಸಿ ಬೆಳೆದ ಆ ಸ್ವರಕ್ಕೆ ಪಿಸುಮಾತು ಎಂಬುದು ಗೊತ್ತೇ ಇರಲಿಲ್ಲ. ಸಾವಿನ ಮನೆಯಲ್ಲಿ ಸಾಂತ್ವನ ಹೇಳಿದರೂ ಪಕ್ಕದ ಮನೆಯವರು ಹೊರಗೆ ಬಂದು ನೋಡುತ್ತಿದ್ದರು. ಭಾನುವಾರವೂ ಬಿಡದ, ಇಸ್ತ್ರಿ ಮುರಿಯದ ಖಾಕಿ ಅಂಗಿ, ಜೇಬಿನಲ್ಲಿ ಯಾರದೋ ಮನೆಗೆ ಮುಟ್ಟಿಸಬೇಕಾದ ಮಾತ್ರೆಯ ಪಟ್ಟಿ, ಬಾಯಲ್ಲಿ ಸದಾ ಒಂದೇ ಮಾತು: “ಹತ್ತಿ, ಹತ್ತಿ, ಜಾಗ ಉಂಟು.”

ಇಂಥವರಿಗೆ ನಲುವತ್ತು ದಾಟಿದ ಮೇಲೆ ಹೆಣ್ಣು ಒದಗಿತು. ಪಂಜದಲ್ಲಿ ಬಟ್ಟೆ ಹೊಲಿಯುತ್ತಿದ್ದ ಪೂವಮ್ಮ, ಗಂಡ ಅಪಘಾತದಲ್ಲಿ ತೀರಿಹೋದ ಮೇಲೆ ಅಣ್ಣನ ಮನೆಯಲ್ಲಿದ್ದವರು; ದಿನವೂ ಅದೇ ಜೀಪಿನಲ್ಲಿ ಬರುವವರು. ಹಿರಿಯರು ಕೂತು ಇಬ್ಬರ ಬಳಿ, ಎಂದರೆ ಗೋತ್ರ, ಯಾವುದು ಎಂದು ವಿಚಾರಿಸಿದರು. ಬಳಿ ಬೇರೆ ಬೇರೆ, ಅಡ್ಡಿಯಿಲ್ಲ ಎಂದಾಯಿತು. ಎಲ್ಲರೂ ವೀಳ್ಯ ಮೆಲ್ಲುತ್ತಿರುವಾಗ ಪೂವಮ್ಮ ತೀರ್ಥಣ್ಣನನ್ನು ಅಂಗಳದ ಬದಿಗೆ ಕರೆದು, “ಬಳಿ ನೋಡಿದ್ದಾಯ್ತು. ರಕ್ತ ನೋಡುದು ಯಾವಾಗ?” ಎಂದು ಕೇಳಿದರು. ಹೆಂಗಸರ ಸ್ವಸಹಾಯ ಸಂಘದ ಸಭೆಗೆ ಬಂದ ಆರೋಗ್ಯ ಇಲಾಖೆಯವರು ಎಚ್‌ಐವಿಯ ಬಗ್ಗೆ, ದೇಹಸಂಪರ್ಕದಿಂದ ಅಂಟುವ ಉಳಿದ ಕಾಯಿಲೆಗಳ ಬಗ್ಗೆ ಹೇಳಿದ್ದು ಅವರ ಮನಸ್ಸಿನಲ್ಲಿ ಕೂತಿತ್ತು. ತೀರ್ಥಣ್ಣ ಜೀಪು ಹಿಡಿಯುವ ಮೊದಲು ಐದಾರು ವರ್ಷ ಮುಂಬಯಿಗೆ ಲಾರಿ ಓಡಿಸಿದ್ದು ಊರಿಗೇ ಗೊತ್ತಿದ್ದ ಸಂಗತಿ.

ಆ ಪ್ರಶ್ನೆಯ ನಂತರ ತೀರ್ಥಣ್ಣನ ಕಂಠ ಮೊದಲ ಬಾರಿಗೆ ತಗ್ಗಿತು. ಕಾಯಿಲೆಗಿಂತ ಹೆಚ್ಚು ಅವರನ್ನು ಕಾಡಿದ್ದು ಅದರ ಹಿಂದಿನ ಕತೆ. ಹೇಳಿದರೆ ಹೆಣ್ಣು ತಪ್ಪಿಹೋದೀತು. ಹೇಳದೆ ರಕ್ತ ಕೊಟ್ಟರೆ, ರಕ್ತವೇ ಹೇಳೀತು.

ಕೊನೆಗೆ ಒಂದು ಸಂಜೆ ಉಳಿದವರೆಲ್ಲ ಇಳಿದು ಪೂವಮ್ಮ ಒಬ್ಬರೇ ಉಳಿದಾಗ ಹೇಳಿಬಿಡುವುದೆಂದು ನಿಶ್ಚಯಿಸಿದರು. ಏರಿನಲ್ಲಿ ಇಂಜಿನ್ ಆರ್ಭಟಿಸುತ್ತಿರುವಾಗ ಮಾತು ಆರಂಭಿಸಿದರು. ಆ ಗದ್ದಲದಲ್ಲಿ ಕೂಗಿ ಹೇಳಿದರೂ ಜೀಪಿನಾಚೆಗೆ ದಾಟದೆಂಬ ಲೆಕ್ಕ. ಆದರೆ ಏರು ಮುಗಿದು ಇಳಿಜಾರು ಬಂದೊಡನೆ ಡೀಸೆಲ್ ಉಳಿಸಲು ಇಂಜಿನ್ ಬಂದ್ ಮಾಡುವುದು ಅವರ ಕೈಗೆ ಅಂಟಿದ ಅಭ್ಯಾಸ. ಮನಸ್ಸು ಬೇರೆಲ್ಲೋ ಇದ್ದಾಗಲೂ ಕೈ ತನ್ನ ಕೆಲಸ ಮಾಡಿತು. ನಿಶ್ಶಬ್ದವಾಗಿ ಜಾರುತ್ತಿದ್ದ ಜೀಪಿನಿಂದ, “ಲಾರಿಯಲ್ಲಿದ್ದಾಗ ಮುಂಬಯಿ ಹತ್ತಿರ ಪನವೇಲಿನಲ್ಲಿ ಎರಡು ಸಲ ಹೆಂಗಸರ ಹತ್ತಿರ ಹೋದದ್ದು ಉಂಟು ಪೂವಮ್ಮ” ಎಂಬ ವಾಕ್ಯ ಇಡೀ ಗುಡ್ಡೆಗೆ ಕೇಳಿತು.

ರಸ್ತೆ ಬದಿಯಲ್ಲಿ ಹುಲ್ಲು ಕೊಯ್ಯುತ್ತಿದ್ದ ಮುದುಕಿ ಚೆನ್ನು ಸೊಂಟ ನೆಟ್ಟಗೆ ಮಾಡಿ ನಿಂತಳು. ತೀರ್ಥಣ್ಣ ಬ್ರೇಕ್ ಹಾಕಿದರು. ಚೆನ್ನು ಕತ್ತಿಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು, “ಹೋಗು ಮಾರಾಯ. ನನಗೆ ಇವತ್ತಿನಿಂದ ಕಿವಿ ಮಂದ” ಎಂದಳು. ಪೂವಮ್ಮನಿಗೆ ನಗು ತಡೆಯಲಾಗಲಿಲ್ಲ. ನಗು ಮುಗಿದ ಮೇಲೆ, ಸೋಮವಾರ ಪುತ್ತೂರಿಗೆ ಹೋಗುವ ಎಂದಷ್ಟೇ ಹೇಳಿದರು.

ಆ ಸೋಮವಾರ ತೀರ್ಥಣ್ಣ ಬಿಳಿ ಅಂಗಿ ತೊಟ್ಟಿದ್ದರಿಂದ, ಜವಳಿ ತೆಗೆಯಲು ಹೊರಟರೆಂದು ಪೇಟೆಯವರು ತಿಳಿದುಕೊಂಡರು. ಆಸ್ಪತ್ರೆಯಲ್ಲಿ ಆಪ್ತಸಮಾಲೋಚಕಿ ಶಮೀನಾ ಒಬ್ಬೊಬ್ಬರನ್ನೇ ಒಳಗೆ ಕರೆದು ಮಾತಾಡಿದರು. ಒಬ್ಬರ ಫಲಿತಾಂಶವನ್ನು ಅವರ ಒಪ್ಪಿಗೆಯಿಲ್ಲದೆ ಇನ್ನೊಬ್ಬರಿಗೆ ತಿಳಿಸುವುದಿಲ್ಲವೆಂದೂ, ಪರೀಕ್ಷೆ ಇಬ್ಬರಿಗೂ ಆಗಬೇಕೆಂದೂ ವಿವರಿಸಿದರು. ನನಗೆಂತಕ್ಕೆ, ನಾನು ಒಬ್ಬ ಗಂಡನ ಮನೆ ಬಿಟ್ಟು ಬೇರೆ ಎಲ್ಲಿಗೂ ಹೋದವಳಲ್ಲ ಎಂದು ಪೂವಮ್ಮ ನಕ್ಕರಂತೆ. ಗಂಡ ಎಲ್ಲೆಲ್ಲಿಗೆ ಹೋಗಿದ್ದರು ಎಂಬುದು ನಿಮಗೆ ಗೊತ್ತುಂಟಾ ಎಂದು ಶಮೀನಾ ಮೆಲ್ಲಗೆ ಕೇಳಿದಾಗ ಪೂವಮ್ಮ ರಕ್ತ ಕೊಡಲು ಕೈ ಚಾಚಿದರು. ವರ್ಷಕ್ಕೊಮ್ಮೆ ಊರಿಗೆ ಬರುತ್ತಿದ್ದ, ಪರವೂರಿನ ಹೋಟೆಲಿನಲ್ಲಿ ದುಡಿಯುತ್ತಿದ್ದ ಗಂಡನನ್ನು ಅವರು ಎಂದೂ ಏನೂ ಕೇಳಿದವರಲ್ಲ.

ಎಚ್‌ಐವಿ ಇಬ್ಬರಿಗೂ ಇರಲಿಲ್ಲ. ತೀರ್ಥಣ್ಣನ ರಕ್ತದಲ್ಲಿ ಯಾವ ದೋಷವೂ ಕಾಣಲಿಲ್ಲ. ಪೂವಮ್ಮನಿಗೆ ಸಿಫಿಲಿಸ್ ಇತ್ತು. ಹೊರಗೆ ಯಾವ ಲಕ್ಷಣವನ್ನೂ ತೋರದೆ ವರ್ಷಗಟ್ಟಲೆ ಒಳಗೆ ಅಡಗಿತ್ತು. ಮತ್ತೊಂದು ಪರೀಕ್ಷೆಯೂ ಅದನ್ನೇ ಹೇಳಿತು.

ತನ್ನ ಫಲಿತಾಂಶವನ್ನು ಪೂವಮ್ಮನಿಗೇ ಹೇಳಿ ಎಂದು ತೀರ್ಥಣ್ಣ ಮೊದಲೇ ಒಪ್ಪಿಗೆ ಕೊಟ್ಟಿದ್ದರು; ಎರಡನ್ನೂ ತಾನೇ ಹೇಳುತ್ತೇನೆಂದು ಪೂವಮ್ಮ ಹೊರಗೆ ಬಂದರು. ತೀರ್ಥಣ್ಣ ಖಾಲಿ ಬೆಂಚಿನ ತುದಿಯಲ್ಲಿ, ಎಂದಿನಂತೆ ಅರ್ಧ ಗಾಳಿಯಲ್ಲಿ ಕುಳಿತಿದ್ದರು. ಪೂವಮ್ಮ ಕೂರಲಿಲ್ಲ.

“ನಿಮಗೆ ಎಂತದೂ ಇಲ್ಲ. ಉಂಟಾದ್ದು ನನಗೆ.”

“ಮದ್ದು ಉಂಟಾ?”

“ಉಂಟಂತೆ. ವಾರಕ್ಕೊಂದು ಸೂಜಿ, ಮೂರು ವಾರ. ಗುಣ ಆಗ್ತದೆ ಹೇಳಿದ್ರು.” ಮತ್ತೆ, “ನೀವು ಬೇಡ ಹೇಳಿದ್ರೂ ನನಗೆ ಬೇಜಾರಿಲ್ಲ” ಎಂದರು.

ತೀರ್ಥಣ್ಣ ಪೂವಮ್ಮನ ಮುಖವನ್ನೇ ನೋಡಿ, ಇನ್ನಷ್ಟು ಅಂಚಿಗೆ ಸರಿದರು. “ಹಾಗಾದ್ರೆ ಮುಂದಿನ ವಾರ ಬೇಗ ಹೊರಡುದು ಒಳ್ಳೆದು. ಹತ್ತು ಗಂಟೆ ಕಳೆದರೆ ಇಲ್ಲಿ ಜೀಪು ನಿಲ್ಲಿಸ್ಲಿಕ್ಕೆ ಜಾಗ ಸಿಗುದಿಲ್ಲ.”

ಕಾರಿಡಾರಿನ ಆಚೆ ತುದಿಯವರೂ ತಿರುಗಿ ನೋಡುವಷ್ಟು ದೊಡ್ಡದಾಗಿತ್ತಂತೆ ಸ್ವರ. ಪೂವಮ್ಮ ಕುಳಿತರು, ಕುಳಿತ ಮೇಲೆ ಅತ್ತರು. ಅದು ದುಃಖವಲ್ಲ, ಕಟ್ಟಿದ್ದ ಉಸಿರು ಬಿಟ್ಟದ್ದು ಎಂದು ಆಮೇಲೆ ಅವರೇ ನನಗೆ ಹೇಳಿದರು.

ಸೂಜಿ ಮುಗಿದು ವೈದ್ಯರು ಒಪ್ಪುವ ತನಕ ಮದುವೆ ಮುಂದೆ ಹೋಯಿತು. ಯಾಕೆ ತಡವೆಂದು ಹಿರಿಯರು ಕೇಳಿದರೆ, ಆರ್‌ಟಿಓದಲ್ಲಿ ಜೀಪಿನ ಎಫ್‌ಸಿ ಆಗದೆ ತಲೆಗೆ ಬೇರೆ ಎಂತದೂ ಹೋಗುದಿಲ್ಲ ಎಂದು ತೀರ್ಥಣ್ಣ ಊರಿಗೆಲ್ಲ ಕೇಳುವಂತೆ ಹೇಳಿದರು. ನಾನು ಅವರ ಬಾಯಿಂದ ಕೇಳಿದ ಏಕೈಕ ಸುಳ್ಳು ಅದು. ಚೆನ್ನುವಿನ ಕಿವಿ ಮಾತ್ರ ಈಗಲೂ ಮಂದವೇ.

ಮದುವೆಯ ಮಂಟಪದಲ್ಲೂ ತೀರ್ಥಣ್ಣ ಅರ್ಧ ಸೀಟಿನಲ್ಲೇ ಕುಳಿತಿದ್ದರು. ಫೋಟೋದವನು ಗೋಗರೆದ, ಕೊನೆಗೆ ಪೂವಮ್ಮ ಶಾಲು ಹಿಡಿದು ಒಳಕ್ಕೆ ಎಳೆದುಕೊಂಡರು. ಇದನ್ನೆಲ್ಲ ಬರೆಯಲೇ ಎಂದು ಕೇಳಿದಾಗ ಅವರು ಹೊಲಿಗೆ ನಿಲ್ಲಿಸಿ ಯೋಚಿಸಿ, “ಬರಿ. ಬಳಿ ಕೇಳುವವರು ಇದನ್ನೂ ಕೇಳ್ಲಿ” ಎಂದರು.

ಕ್ಷಮೆ ದೊಡ್ಡ ಗುಣವೆಂದು ನಾವು ಪುಸ್ತಕಗಳಲ್ಲಿ ಓದುತ್ತೇವೆ. ಆದರೆ ಕ್ಷಮಿಸಲು ಎದುರಿನವರಲ್ಲಿ ಮೊದಲು ಒಂದು ತಪ್ಪನ್ನು ಕಾಣಬೇಕಾಗುತ್ತದೆ. ತೀರ್ಥಣ್ಣನಂಥವರು ಅಷ್ಟು ದೂರ ಹೋಗುವುದೇ ಇಲ್ಲ. ಯಾರೋ ದಣಿದು ನಿಂತದ್ದು ಕಂಡರೆ ಅವರ ದೇಹ ತಾನಾಗಿ ಸರಿದುಕೊಳ್ಳುತ್ತದೆ. ಮನಸ್ಸು ಆಮೇಲೆ ಬಂದು, ಸರಿದದ್ದು ಒಳ್ಳೆಯದೇ ಆಯಿತು ಎನ್ನುತ್ತದೆ.