ಶನಿವಾರದ ಶೇಕ

ಶೇಕ! ಆ ಶಬ್ದ ಕೇಳಿದರೆ ಇವತ್ತಿಗೂ ನನ್ನ ಮೈ ಉರಿಯುತ್ತದೆ.

ನನ್ನ ಗಂಡ ಶ್ರೀಪತಿ ಓಝರ್‌ನ ವಿಮಾನ ಕಾರ್ಖಾನೆಯಲ್ಲಿ ಫಿಟ್ಟರ್. ಮಲದಲ್ಲಿ ರಕ್ತ ಹೋಗುವುದನ್ನು ಹನ್ನೊಂದು ತಿಂಗಳು ನನ್ನಿಂದಲೂ ಮುಚ್ಚಿಟ್ಟ ಪುಣ್ಯಾತ್ಮ. ನಾಚಿಕೆಯಂತೆ! ಕೊನೆಗೆ ಗುದನಾಳದ ಕ್ಯಾನ್ಸರ್ ಎಂದು ಗೊತ್ತಾಯಿತು. ಇವರ ಅಣ್ಣ, ನನ್ನ ಭಾವನವರ ಮನೆ ಇದೆಯಲ್ಲ ಎಂದು ನಾಶಿಕ್ ಬಿಟ್ಟು ಸಂಭಾಜಿನಗರದ ಆಸ್ಪತ್ರೆಗೆ ಬಂದೆವು.

ಡಾಕ್ಟರು ಮರಾಠಿಯಲ್ಲಿ ಬಿಡಿಸಿ ಹೇಳಿದರು. ಮೊದಲು ಇಪ್ಪತ್ತೈದು ದಿನ ಶೇಕ, ಜೊತೆಗೆ ಕೀಮೋ ಗುಳಿಗೆ. ಗಡ್ಡೆ ಕುಗ್ಗಿದ ಮೇಲೆ ಆಪರೇಷನ್. ಚೆನ್ನಾಗಿ ಕುಗ್ಗಿದರೆ ಮಲದ ದಾರಿ ಉಳಿಯಬಹುದು, ಇಲ್ಲವಾದರೆ ಜೀವನಪೂರ್ತಿ ಹೊಟ್ಟೆಗೆ ಮಲದ ಚೀಲ. ರೇಡಿಯೇಷನ್‌ಗೆ ಇಲ್ಲಿ ಎಲ್ಲರೂ ಅನ್ನುವುದೇ ಶೇಕ, ಅಂದರೆ ನಮ್ಮ ಶಾಖ. ಶನಿವಾರ, ಭಾನುವಾರ ಯಂತ್ರಕ್ಕೆ ರಜೆ.

ಹದಿನೈದು ಶೇಕ ಮುಗಿದ ಮೇಲಿನ ಶನಿವಾರ, ನಾನು ತರಕಾರಿ ತಂದು ಒಳಗೆ ಬಂದರೆ, ಇವರು ಬೋರಲು ಮಲಗಿದ್ದಾರೆ. ಭಾವ ಮಧುಕರ ಇವರ ಹಿಂಭಾಗಕ್ಕೆ ಬಿಸಿನೀರಿನ ಚೀಲ ಒತ್ತುತ್ತ ಕೂತಿದ್ದಾರೆ!

“ಏನ್ ಮಾಡಾಕತ್ತೀರಿ ಭಾವಾರ?”

“ಶಾಖಾ ಕೊಡಾಕತ್ತೀನಿ. ದವಾಖಾನಿ ಬಂದ್ ಐತಂತ ಎರಡು ದಿನಾ ತಪ್ಪಸಾಕ ಬರ್ತೈತೇನು?”

ಯಂತ್ರದ ಕಿರಣಕ್ಕೆ ಮೊದಲೇ ಕೆಂಪಾಗಿದ್ದ ಚರ್ಮ ಬೊಬ್ಬೆ ಎದ್ದಿತ್ತು. ಚೀಲ ಕಿತ್ತು ಅಂಗಳಕ್ಕೆ ಎಸೆದೆ. “ಅದು ಮಷೀನಿನ ಕಿರಣ್ರೀ, ಸೊಂಟನೋವಿನ ಶಾಖಾ ಅಲ್ಲ! ನನ್ನ ಒಂದು ಮಾತು ಕೇಳಿದ್ರ ನಿಮ್ಮ ಗಂಟೇನು ಹೋಗ್ತಿತ್ತು?” ಇವರ ಕಡೆ ತಿರುಗಿದೆ. “ನಿಮಗರ ಬಾಯಿ ಇರಲಿಲ್ಲೇನು?”

“ಅಣ್ಣಗ ಹೆಂಗ ಬ್ಯಾಡ ಅನ್ನಲಿ?” ಅಂದರು, ದಿಂಬಿನೊಳಗೆ ಮುಖ ಹುದುಗಿಸಿ.

ಸೋಮವಾರ ಡಾಕ್ಟರು ಬೊಬ್ಬೆ ನೋಡಿ ಬೈದು, ಒಂದು ವಾರ ಶೇಕ ನಿಲ್ಲಿಸಿದರು. ನಿಲ್ಲಿಸಿದಷ್ಟೂ ಗಡ್ಡೆಗೇ ಅನುಕೂಲ ಅಂತ ಬೇರೆ ಹೇಳಿದರು. ನನ್ನ ಸಿಟ್ಟು ನೆತ್ತಿಗೇರಿತು. “ನೀವೇ ಶೇಕ ಅಂತೀರಿ, ಆಮೇಲೆ ಶೇಕ ಯಾಕೆ ಕೊಟ್ಟಿರಿ ಅಂತ ನಮ್ಮನ್ನೇ ಬೈತೀರಿ! ಬಿಸಿ ತಾಗಿಸಬಾರದು ಅಂತ ಇಂಗ್ಲಿಷ್ ಚೀಟಿಯಲ್ಲಿ ಬರೆದರೆ ಆಯ್ತಾ?” ಎಂದು ಮರಾಠಿಯಲ್ಲೇ ಝಾಡಿಸಿದೆ.

ವಾರದ ನಂತರ ಮತ್ತೆ ಸರದಿಗೆ ಕೂತೆವು. ವೈಜಾಪುರದಿಂದ ಬಂದ ಮುದುಕನೊಬ್ಬನಿಗೆ ನರ್ಸ್ ಚೀಟಿ ಕೊಟ್ಟು, “ನಾಳೆಯಿಂದ ಶೇಕ” ಅಂದಳು. ಅಲ್ಲೇ ಮತ್ತೆ ಅದೇ ಶಬ್ದ! ಮುದುಕ ತಲೆಯಾಡಿಸಿ, “ಅಷ್ಟೇ ತಾನೆ? ಬರಲಾಗದ ದಿನ ಮನೆಯಲ್ಲಿ ಇಟ್ಟಿಗೆ ಕಾಯಿಸಿ ಕೊಡ್ತಾರೆ” ಅಂದ.

ನಾನು ಬಾಯಿ ತೆರೆಯುವಷ್ಟರಲ್ಲಿ ಇವರು ಎದ್ದು ನಿಂತಿದ್ದರು. ಮೂವತ್ತು ಜನರ ನಡುವೆ, ಮರಾಠಿಯಲ್ಲಿ, ಗಂಟಲು ಹರಿಯುವಂತೆ ಕೂಗಿದರು: “ಬಾಬಾ, ಬೇಡ! ನನಗೆ ಮಲದ ದಾರಿಯಲ್ಲಿ ಕ್ಯಾನ್ಸರ್. ಮನೆಯಲ್ಲಿ ಬಿಸಿ ಇಟ್ಟು ಹಿಂಭಾಗವೆಲ್ಲ ಸುಟ್ಟುಕೊಂಡೆ, ಒಂದು ವಾರ ಹಾಳಾಯ್ತು. ಬಿಸಿ ತಾಗಿಸಬೇಡಿ, ಒಂದು ದಿನವೂ ತಪ್ಪಿಸಬೇಡಿ!”

ಎಲ್ಲರೂ ತಿರುಗಿ ನೋಡಿದರು. ಇವರು ಕೂತರು.

“ಇಷ್ಟನ್ನ ಆ ಹನ್ನೊಂದು ತಿಂಗಳಾಗ ನನ್ನ ಮುಂದ ಹೇಳಾಕ ನಿಮಗ ಏನಾಗಿತ್ರಿ?” ಅಂದೆ.

ಹದಿನಾರನೆಯ ಶೇಕಕ್ಕೆ ಒಳಗಿನಿಂದ ಇವರ ಹೆಸರು ಕೂಗಿದರು.