ಅವಿರೋಧ ಆಯ್ಕೆ

ಮಂಚದ ಪಕ್ಕದ ಸ್ಟೂಲಿನ ಮೇಲೆ ಫೋನು ಒಮ್ಮೆ ಗುರ್ ಎಂದಿತು. ಗಂಡ ಲೋಕೇಶ್ ನಿದ್ದೆಯಲ್ಲೇ ಮಗ್ಗುಲು ಬದಲಿಸಿದ. ದಿವ್ಯ ಹೊದಿಕೆಯನ್ನು ತಲೆಯ ಮೇಲೆ ಎಳೆದುಕೊಂಡು ನೋಡಿದಳು. ಗರಿಕೆ ಪ್ರತಿಷ್ಠಾನದ ಸುದ್ದಿ. ಬಳಕೆದಾರರ ಸ್ಥಾನಕ್ಕೆ ಅರ್ಜಿ ಹಾಕುವ ಗಡುವು ಮುಗಿದಿದೆ, ಕಣದಲ್ಲಿ ಇಬ್ಬರಿದ್ದಾರೆ: ಪಾಂಡವಪುರದ ದಿವ್ಯ, ನಾಗಮಂಗಲದ ಸ್ನೇಹ.

ಗರಿಕೆ ಎಂಬುದು ಕಂಪ್ಯೂಟರಿಗೆ ಕೆಲಸ ಹೇಳುವ ಒಂದು ಭಾಷೆ. ಅದಕ್ಕೆ ಒಡೆಯರಿಲ್ಲ, ಲಾಭ ಬಯಸದ ಒಂದು ಪ್ರತಿಷ್ಠಾನ ಅದನ್ನು ನೋಡಿಕೊಳ್ಳುತ್ತದೆ. ಅದರ ಆಡಳಿತ ಮಂಡಳಿಯನ್ನು ಈವರೆಗೆ ಹಳಬರೇ ತಮ್ಮೊಳಗೆ ಆರಿಸಿಕೊಳ್ಳುತ್ತಿದ್ದರು. 'ಮುಚ್ಚಿದ ಬಾಗಿಲ ಹಿಂದೆ ಆರಿಸಬೇಡಿ, ಬಳಸುವವರೂ ಮತ ಹಾಕಲಿ' ಎಂದು ಪಟ್ಟು ಹಿಡಿದು ಬರೆದವಳು ದಿವ್ಯ, ಕಾಲೇಜಿನ ಕಂಪ್ಯೂಟರ್ ಮೇಡಂ. ಕೊನೆಗೂ ಬಳಕೆದಾರರಿಗೆಂದು ಒಂದು ಸ್ಥಾನ ಸಿಕ್ಕಿತು. ಅದು ತನ್ನದೇ ಎಂದು ಅವಳು ಯಾರ ಮುಂದೆಯೂ ಹೇಳಿರಲಿಲ್ಲ. ಮೊದಲ ಸಭೆಗೆ ಉಡುವ ಸೀರೆಯನ್ನು ಮಾತ್ರ ಆರಿಸಿಟ್ಟಿದ್ದಳು.

ಸ್ನೇಹ ಅವಳ ಕೈಯಲ್ಲೇ ಕಲಿತ ಹುಡುಗಿ. ಈಗ ರಸಗೊಬ್ಬರದ ಅಂಗಡಿಯ ಮಹಡಿಯಲ್ಲಿ ಭಾನುವಾರ ಗರಿಕೆ ಕಲಿಸುತ್ತಾಳೆ. ಕೆ.ಆರ್. ಪೇಟೆಯಿಂದ, ಶ್ರೀರಂಗಪಟ್ಟಣದಿಂದ ಬಸ್ಸು ಹತ್ತಿ ಬರುತ್ತಾರೆ. ದಿವ್ಯಳ ತರಗತಿಗೆ ಜನ ಬರುವುದು ಹಾಜರಿಗಾಗಿ. ಗರಿಕೆ ಬಳಸುವವರ ಆನ್‌ಲೈನ್ ಬಳಗದಲ್ಲಿ ದಿವ್ಯ ಅಳೆದು ತೂಗಿ ಬರೆದ ಪುಟಗಳಿಗೆ ಮೂರ್ನಾಲ್ಕು ಮಂದಿ ತಲೆದೂಗಿದರೆ, ಸ್ನೇಹಳ 'ನಂಗೂ ಗೊತ್ತಿಲ್ಲ, ಬನ್ನಿ ಒಟ್ಗೇ ನೋಡೋಣ' ಎಂಬ ಒಂದು ಸಾಲಿಗೆ ಬಳಗವೆಲ್ಲ ಮುಗಿಬೀಳುತ್ತದೆ. ಬಾಯಿಹುಣ್ಣನ್ನು ನಾಲಿಗೆ ಮತ್ತೆ ಮತ್ತೆ ಮುಟ್ಟಿ ನೋಡುವಂತೆ, ದಿವ್ಯ ಆ ಸಾಲುಗಳನ್ನೆಲ್ಲ ಬೆಳಗಿನವರೆಗೆ ಓದಿದಳು.

ಕಾಫಿ ಕೊಡುವಾಗ ಮಾವ ನಂಜಪ್ಪ ಅವಳ ಮುಖ ನೋಡಿದರು. ಊರ ಹಾಲಿನ ಡೇರಿಗೆ ಬಹಳ ಕಾಲ ಅಧ್ಯಕ್ಷರಾಗಿದ್ದವರು; ಒಮ್ಮೆಯೂ ಚುನಾವಣೆ ನಡೆಯಗೊಟ್ಟವರಲ್ಲ.

"ಯಾಕವ್ವ, ನಿದ್ದೆಗೆಟ್ಟಂಗಿದ್ದೀಯ?"

ದಿವ್ಯ ಚುನಾವಣೆಯ ವಿಷಯ ಹೇಳಿದಳು, ಸ್ನೇಹ ಯಾರ ಮನೆಯವಳು ಎಂಬುದನ್ನೂ.

"ಅಯ್, ನಮ್ ಶಿವಲಿಂಗಯ್ಯನ ಸೊಸೆನಾ? ಅವನ್ನ ಕೆಲ್ಸಕ್ಕೆ ಸೇರ್ಸಿದ್ದೇ ನಾನು ಕಣವ್ವ. ಓಗಿ ಒಂದ್ಮಾತು ಆಡುದ್ರೆ ಆಯ್ತು, ಅವಿರೋಧ ಮಾಡುಸ್ಬುಡಾನ."

"ಇದು ಡೇರಿ ಅಲ್ಲ ಮಾವ."

"ಓಟು ಅಂದ್ಮೇಲೆ ಎಲ್ಲಾ ಡೇರಿನೇಯ."

ಅತ್ತೆ ಮಾಯಮ್ಮ ಅಡುಗೆಮನೆಯಿಂದಲೇ ಕೂಗಿದರು: "ಸುಮ್ಕಿರಿ ಅತ್ಲಾಗೆ! ಕಂಪೂಟ್ರು ಗಿಂಪೂಟ್ರು ನಿಮ್ಗ್ಯಾಕೆ? ಮೊದ್ಲು ಅಸೂಗೆ ಉಲ್ಲು ಆಕಿ."

ನಂಜಪ್ಪ ಕಿವಿಗೆ ಹಾಕಿಕೊಳ್ಳಲಿಲ್ಲ. "ನಾಗಮಂಗ್ಲದ ಬಸ್ಸು ಎಷ್ಟೊತ್ಗವ್ವ?"

ಬೇಡ ಎನ್ನಲು ಬೇಕಾದಷ್ಟು ಸಮಯವಿತ್ತು. ದಿವ್ಯ ಖಾಲಿ ಲೋಟ ಎತ್ತಿಕೊಂಡಳು.

"ಒಂಬತ್ತೂವರೆಗೆ ಒಂದಿದೆ ಮಾವ" ಅಂದಳು.

ಸಂಜೆ ನಂಜಪ್ಪ ಗೆಲುವಾಗಿ ಬಂದರು. "ಒಳ್ಳೆ ಜನ ಕಣವ್ವ, ಮಜ್ಜಿಗೆ ಕೊಟ್ರು. ಇಬ್ರು ನಮ್ ಕಡೆ ಎಣ್ಮಕ್ಳು ದೇಸದ್ ಮುಂದೆ ಪೈಪೋಟಿಗೆ ಬಿದ್ರೆ ಚೆಂದ್ವಾ ಅಂದೆ. ಶಿವಲಿಂಗಯ್ಯ ತಲೆ ತಗ್ಗುಸ್ಕಂಡು, 'ನೀವೇಳುದ್ಮೇಲೆ ಇನ್ನೇನದೆ ಬುದ್ಧಿ' ಅಂದ. ಆ ಉಡ್ಗಿ ಬಾಗ್ಲಲ್ಲೇ ನಿಂತಿತ್ತು."

ಮರುದಿನ ಸ್ನೇಹ ಹಿಂದೆ ಸರಿದಳು. 'ಇದು ದಿವ್ಯ ಮೇಡಂ ಕಾಡಿ ಬೇಡಿ ತಂದ ಜಾಗ. ಅವರೇ ಕೂರಲಿ' ಎಂದಷ್ಟೇ ಬರೆದಿದ್ದಳು. ಅವಳ ದೊಡ್ಡ ಮನಸ್ಸನ್ನು ಬಳಗವೆಲ್ಲ ಕೊಂಡಾಡಿತು. ದಿವ್ಯಳನ್ನು ಅಭಿನಂದಿಸಿದವರೂ ಸ್ನೇಹಳ ಆ ಸಾಲಿನ ಕೆಳಗೇ ಅಭಿನಂದಿಸಿದರು. ಬಿಟ್ಟುಕೊಟ್ಟೂ ತನ್ನನ್ನು ಮೀರಿಸಿದಳಲ್ಲ ಎಂದು ದಿವ್ಯಳ ಹೊಟ್ಟೆ ಮತ್ತೆ ಉರಿಯಿತು.

ಆಗಲೇ ಸ್ನೇಹಳ ಫೋನು ಬಂತು.

"ಮೇಡಂ, ನಮ್ ಭಾನುವಾರದವ್ರು ಮುನಿಸ್ಕೊಂಡವ್ರೆ. ಯಾಕ್ ಬುಟ್ರಿ ಅಂತಾರೆ."

"ನೀನೇನಂದೆ?"

"ಮನೇಲಿ ಕೆಲ್ಸ ಜಾಸ್ತಿ ಅಂದೆ. ನಿಮ್ ಮಾವನೋರು ಬಂದಿದ್ದು ನಿಮ್ಗೆ ಗೊತ್ತಾ ಮೇಡಂ?"

ಕೊಟ್ಟಿಗೆಯಲ್ಲಿ ನಂಜಪ್ಪ ಹಸುವನ್ನು ಗದರುವುದು ಕೇಳಿಸುತ್ತಿತ್ತು. ದಿವ್ಯ ಫೋನಿಗೆ ಕೈ ಅಡ್ಡ ಹಿಡಿದಳು.

"ಇಲ್ವಲ್ಲ. ಬಂದಿದ್ರಾ?"

"ಅಂಗಾದ್ರೆ ಬುಡಿ. ನಾನೂ ಅಂದ್ಕೊಂಡೆ, ನೀವು ಅಂತೋರಲ್ಲ ಅಂತ."

ಸ್ನೇಹ ಫೋನಿಟ್ಟಳು.

ಪ್ರತಿಷ್ಠಾನದವರು ಹೊಸ ಸದಸ್ಯೆಯ ಪರಿಚಯ ಬರೆದು, ಸರಿಯಿದೆಯೇ ಎಂದು ಕೇಳಿ ಕಳಿಸಿದ್ದರು. 'ಮುಕ್ತ ಚುನಾವಣೆಗಾಗಿ ಹೋರಾಡಿದವರು' ಎಂದಿತ್ತು. ದಿವ್ಯ 'ಹೋರಾಡಿದವರು' ತೆಗೆದು 'ಶ್ರಮಿಸಿದವರು' ಎಂದು ತಿದ್ದಿದಳು. ಮತ್ತೊಮ್ಮೆ ಓದಿದಳು. ಬಸ್ಸಿನ ಹೊತ್ತು ಹೇಳಿದ್ದನ್ನು ಲೋಕೇಶನಿಗೂ ಹೇಳುವುದಿಲ್ಲ, ಯಾರಿಗೂ ಹೇಳುವುದಿಲ್ಲ ಎಂದು ನಿಶ್ಚಯಿಸಿಕೊಂಡು, 'ಈಗ ಸರಿಯಿದೆ' ಎಂದು ಕಳಿಸಿದಳು.